ತದಡಿಯಲ್ಲಿ ಇಳಿತಕ್ಕೆ ಕಾದು

ಭರತ, ಅಂದರೆ ಕಡಲ ಉಬ್ಬರ, ತುಂಬಿ ನಿಂತ ನೀರಿಗೆ ಗಾಳ ಹಾಕಿ ಪ್ರಯೋಜನವಿಲ್ಲ. ಗೋಕರ್ಣದ ಬಳಿ ಅಘನಾಶಿನಿ ಕಡಲು ಸೇರುವಲ್ಲಿರುವ ತದಡಿಯ ದೋಣಿಯವರು ಇದನ್ನು ಮೊದಲೇ ಹೇಳುತ್ತಾರೆ. ಗಾಳ ಹಾಕಿಸುವ ಪ್ಯಾಕೇಜ್ ಮಾರುವವರು ಹೇಳುವುದಿಲ್ಲ. ಅವರದು ಬೆಳಿಗ್ಗೆ ಏಳರಿಂದ ಹತ್ತು, ಚಂದ್ರ ಎಲ್ಲಿದ್ದರೂ ಅಷ್ಟೇ. ನಾವು ಪ್ಯಾಕೇಜಿನಲ್ಲಿ ಹೋದ ದಿನ ಭರತ ತುಂಬುವ ಹೊತ್ತಿಗೆ ಹೊರಡಿಸಿ, ನೀರು ಎಳೆಯಲು ಶುರುವಾಗುತ್ತಿದ್ದಂತೆ ‘ಟೈಮ್ ಆಯ್ತು’ ಎಂದು ದಡಕ್ಕೆ ತಂದುಬಿಟ್ಟರು. ದುಡ್ಡು ಮಾತ್ರ ಪೂರ್ತಿ! ಹೋಗುವವರು ಕಾರವಾರದ ಭರತ-ಇಳಿತದ ಪಟ್ಟಿ ನೋಡಿಕೊಂಡು ಹೊತ್ತು ಗೊತ್ತು ಮಾಡುವುದು ಒಳ್ಳೆಯದು. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಇಳಿತ ಶುರುವಾದರೂ ಮಿರ್ಜಾನ್ ಕಡೆಯ ಒಳನೀರು ತಡವಾಗಿ ಹೊರಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಎಳೆತ ಜೋರು.

ಗೋಕರ್ಣದ ಬೀಚುಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ, ಅದನ್ನು ಬಿಡೋಣ. ಅಘನಾಶಿನಿ ಶಿರಸಿಯ ಘಟ್ಟದಿಂದ ಒಂದೂ ಅಣೆಕಟ್ಟಿಗೆ ಸಿಗದೆ ಇಳಿದು ಬರುವ ನದಿ. ಅದರ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿದ ಸುದ್ದಿ ಬಂದಿದ್ದು 2024ರ ಜನವರಿಯಲ್ಲಿ. ಎರಡೂ ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಅದರಾಚೆ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆ. ಮಳೆಗಾಲದಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಗದ್ದೆಗೂ ಹೊಳೆಗೂ ನಡುವೆ ಕಟ್ಟೆಯಲ್ಲಿ ಹಲಗೆಯ ತೂಬು, ಇಲ್ಲಿಯವರ ಜಂತ್ರಡಿ.

ನಮಗೆ ಬೇಕಾದ ಜಾಗ ಇದೇ. ಇಳಿತದಲ್ಲಿ ಗದ್ದೆಯ ನೀರು ತೂಬಿನಿಂದ ಹೊರಬೀಳುವಾಗ ಮರಿ ಮೀನು, ಸಿಗಡಿ ಜೊತೆಗೇ ಬರುತ್ತವೆ. ಕಲಕಿದ ಕಂದು ನೀರೂ ಹೊಳೆಯ ತಿಳಿನೀರೂ ಕೂಡುವಲ್ಲಿ ಒಂದು ಗೆರೆ ಏಳುತ್ತದೆ. ಕುರುಡೆ, ಅಂದರೆ ಬಾರಮುಂಡಿ, ಆ ಗೆರೆಯ ಕೆಳಗೆ ಎಳೆತವಿಲ್ಲದ ಕಡೆ ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ತಾನು ಈಜುವುದಿಲ್ಲ, ತಿಂಡಿ ತಾನಾಗಿ ಬರಲಿ ಎಂದು ಕಾಯುತ್ತದೆ. ಪ್ಯಾಕೇಜ್ ಬಿಟ್ಟು ತದಡಿಯವರ ದೋಣಿಯಲ್ಲೇ ಹೋದಾಗ, ದೋಣಿಯವರು 20 ಮೀಟರ್ ದೂರದಲ್ಲೇ ಎಂಜಿನ್ ಆರಿಸಿ, ಗಳ ಊರಿ, ಸದ್ದಿಲ್ಲದೆ ಲಂಗರು ಇಳಿಸಿದರು. ಕೈಯಲ್ಲಿ ರಾಡ್ ಇದ್ದರೂ ‘ಇನ್ನೂ ಬೇಡ, ನೀರು ಎಳೀಲಿ’ ಎನ್ನುತ್ತ ಅರ್ಧ ಬೀಡಿ ಮುಗಿಸಿದರು. ಕಟ್ಟೆಯ ಕಲ್ಲಿನ ಮೇಲೆ ಬೆರಳಗಲದ ಒದ್ದೆ ಪಟ್ಟಿ ಕಂಡ ಮೇಲೆಯೇ ‘ಹಾಕಿ’ ಎಂದರು. ಗೆರೆಯಿಂದ ‘ಟಪ್’ ಎಂಬ ಗಟ್ಟಿ ಸದ್ದು ಬಂತು. ಕುರುಡೆ ಬಾಯಿ ತೆರೆದು ನೀರು ಸಮೇತ ಸಿಗಡಿಯನ್ನು ಒಳಗೆಳೆದ ಸದ್ದು ಅದು. ಕತ್ತಲಲ್ಲಿ ಕೇಳಿದ್ದರೆ ಯಾರೋ ಹಲಗೆ ಬಡಿದರು ಅಂದುಕೊಳ್ಳಬೇಕು.

ಸಲಕರಣೆ: 7 ಅಡಿಯ ಮೀಡಿಯಂ ಹೆವಿ ರಾಡ್, 4000 ಅಳತೆಯ ರೀಲ್, 20 ಪೌಂಡಿನ ಬ್ರೇಡ್ (ಹೆಣೆದ ದಾರ), ಮುಂದೆ ಗಾಳದ ಬಳಿ 40 ಪೌಂಡಿನ ಲೀಡರ್ (ದಪ್ಪ ದಾರ) ಮೂರು ಅಡಿ. ಲೀಡರ್‌ನಲ್ಲಿ ಚೌಕಾಸಿ ಬೇಡ; ಕುರುಡೆಯ ಕಿವಿರು ಮುಚ್ಚಳದ ಅಂಚು ಬ್ಲೇಡಿನಂತೆ, ತೆಳು ದಾರ ತಲೆ ಕೊಡವಿದ ಕೂಡಲೇ ಪುಡಿ. ಜೀವಂತ ಸಿಗಡಿಗೆ 3/0 ಅಳತೆಯ ಸರ್ಕಲ್ ಹುಕ್ (ತುದಿ ಒಳಕ್ಕೆ ಬಾಗಿದ ಗಾಳ) ಸಾಕು. ತಲೆಯ ಮುಳ್ಳಿನ ಬುಡದಲ್ಲಿ ಕಾಣುವ ಕಪ್ಪು ಚುಕ್ಕೆ ತಪ್ಪಿಸಿ ಚುಚ್ಚಿದರೆ ಸಿಗಡಿ ಬಹಳ ಹೊತ್ತು ಆಡುತ್ತದೆ. ಸರ್ಕಲ್ ಹುಕ್ ಹಾಕಿದಾಗ ಜಗ್ಗಬಾರದು, ರೀಲ್ ಸುತ್ತುತ್ತ ಹೋದರೆ ಬಾಯಿಯ ಮೂಲೆಗೆ ತಾನೇ ಕೂರುತ್ತದೆ. ರಬ್ಬರ್ ಮೀನಾದರೆ 10 ಗ್ರಾಂ ಜಿಗ್ ಹೆಡ್ (ಸೀಸದ ತಲೆಯ ಗಾಳ), ತೂಬಿನ ಕಡೆಗೆ ಎಸೆದು ನೀರಿನ ಜೊತೆ ಬರಲು ಬಿಡಿ. ಡ್ರ್ಯಾಗ್, ಅಂದರೆ ರೀಲ್ ದಾರ ಬಿಡುವ ಮುನ್ನ ಹಿಡಿಯುವ ಬಿಗಿ, ಎರಡೂವರೆ ಕಿಲೋ. ಮೀನು ಹಾರಲು ಹೊರಟಾಗ ರಾಡಿನ ತುದಿ ನೀರಿನತ್ತ ತಗ್ಗಿಸಿ, ದಾರ ಸಡಿಲ ಬಿಡದೆ ಹಿಡಿಯಬೇಕು. ತುದಿ ಎತ್ತಿದರೆ ಮೀನು ಗಾಳಿಯಲ್ಲಿ ತಲೆ ಕೊಡವಿ ಗಾಳ ಉಗುಳುತ್ತದೆ. ಕಲ್ಲು, ಕಾಂಡ್ಲಾ ಬುಡದಲ್ಲಿ ಕೆಂಬೇರಿ (ಒಂದು ಜಾತಿಯ ಸ್ನ್ಯಾಪರ್ ಮೀನು) ಗಾಳ ಹಿಡಿದರೆ ಮೊದಲ ಒಂದೆರಡು ಮೀಟರ್ ಬಿಟ್ಟುಕೊಡಬೇಡಿ, ಬೇರಿನೊಳಗೆ ಹೊಕ್ಕಿತೆಂದರೆ ಮುಗಿಯಿತು.

ತೂಬಿಗೆ ಬಲೆ ಕಟ್ಟಿದ್ದರೆ ಅತ್ತ ಎಸೆಯಬಾರದು, ಒಳಗಿನ ಮೀನು ಗುತ್ತಿಗೆ ಹಿಡಿದವರದ್ದು.

ದೊಡ್ಡ ಕುರುಡೆಯೊಂದು ಸಿಕ್ಕಾಗ ದೋಣಿಯಲ್ಲಿ ಚರ್ಚೆಯೇ ಶುರುವಾಯಿತು. ನಾವು ಬಿಡೋಣ ಎಂದರೆ ದೋಣಿಯವರಿಗೆ ನಗು. ‘ಸಣ್ಣದು ಬಿಟ್ರೆ ಸರಿ, ದೊಡ್ಡದು ಯಾಕೆ?’

‘ಕುರುಡೆ ಮೊದಲು ಗಂಡು. ಕೆಲವು ವರ್ಷ ಬೆಳೆದ ಮೇಲೆ ಹೆಣ್ಣಾಗುತ್ತದೆ. ಇದು ಹೆಣ್ಣಿರಬೇಕು.’

‘ಅಂದ್ರೆ ಸಣ್ಣದೆಲ್ಲ ಗಂಡಾ?’

‘ಹೆಚ್ಚುಕಡಿಮೆ.’

ಸ್ವಲ್ಪ ಹೊತ್ತು ಮೀನನ್ನೇ ನೋಡಿದರು. ‘ಮಳೆಗಾಲದ ಮೊಟ್ಟೆ ಮೀನು ಎಲ್ಲ ದೊಡ್ಡದೇ. ಹೌದು, ನೋಡಿದ್ದೇನೆ’ ಎಂದವರು, ‘ಆದ್ರೆ ಕಿಲೋಗೆ ರೇಟು ಸಿಗೂದು ದೊಡ್ಡದಕ್ಕೇ’ ಎಂದು ಸೇರಿಸಿದರು. ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಮೀನಿಗೆ ಕೊಡುವಷ್ಟು ಹಣ ದೋಣಿ ಬಾಡಿಗೆಯ ಮೇಲೆ ಸೇರಿಸಿ, ಹೊಟ್ಟೆಗೆ ಕೈ ಕೊಟ್ಟು ನೀರಿನಲ್ಲಿ ನಿಲ್ಲಿಸಿದೆವು. ಬಾಲ ಬಲವಾಗಿ ಬೀಸಿದ ಮೇಲೆ ಕೈಬಿಟ್ಟೆವು.

ಹಿಂದಿರುಗುವಾಗ ಇಳಿತ ಅರ್ಧ ದಾಟಿ, ಬಳಚು (ಚಿಪ್ಪಿನ ಜೀವಿ) ಆರಿಸುವವರು ಸೊಂಟದುದ್ದ ನೀರಿನಲ್ಲಿ ನಿಂತಿದ್ದರು. ಅವರು ನಿಂತಲ್ಲಿ ದಿಬ್ಬ ಇದೆ ಎಂದೇ ಲೆಕ್ಕ. ಅಲ್ಲಿ ದೋಣಿ ಹೂತರೆ ಮುಂದಿನ ಭರತದವರೆಗೆ ಬಿಸಿಲಲ್ಲಿ ಕೂರಬೇಕು, ಕುಡಿಯುವ ನೀರು ಎರಡರಷ್ಟು ಒಯ್ಯಿರಿ. ಊಟಕ್ಕೆ ಕಗ್ಗ ಅನ್ನ, ನೊಗಲಿ ಮೀನಿನ ಸಾರು ಕೇಳಿ ಮಾಡಿಸಿಕೊಳ್ಳಬೇಕು. ರೆಸಾರ್ಟಿನ ಕೆಂಪು ಬಣ್ಣದ ತಂದೂರಿಗಂತೂ ಮೀನು ಯಾವುದಾದರೂ ಒಂದೇ ರುಚಿ.