ಆಕ್ಸ್‌ಫರ್ಡ್‌ನ ಹಳೆಯ ಜೈಲು: ಹೋಗುವವರಿಗೆ ಕೆಲವು ಮಾತು

ಆಕ್ಸ್‌ಫರ್ಡ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಕಾಲೇಜುಗಳನ್ನು ಸುತ್ತಿ, ಬಾಡ್ಲಿಯನ್ ಗ್ರಂಥಾಲಯ ನೋಡಿ ಸಂಜೆಯ ರೈಲು ಹಿಡಿಯುತ್ತಾರೆ. ರೈಲು ನಿಲ್ದಾಣದಿಂದ ಪೇಟೆಯತ್ತ ನಡೆದರೆ ಹತ್ತು ನಿಮಿಷದೊಳಗೆ ಕೋಟೆಯ ಆವರಣ, ಅದರೊಳಗೆ ಹಳೆಯ ಕೌಂಟಿ ಜೈಲು. ಒಂದು ಕಾಲೇಜು ತಪ್ಪಿದರೂ ಚಿಂತೆಯಿಲ್ಲ, ಇದಕ್ಕೆ ಎರಡು ಗಂಟೆ ತೆಗೆದಿಡಿ.

ಅಂಗಳಕ್ಕೆ ಟಿಕೆಟ್ ಬೇಡ. ಒಳಗೆ ನೋಡಲು ಬೇಕು. ಹಳೆಯ ಕಾಲದ ವೇಷ ತೊಟ್ಟ ಮಾರ್ಗದರ್ಶಿ ನಿಗದಿತ ವೇಳೆಗೆ ಕರೆದೊಯ್ಯುತ್ತಾರೆ. ರಜಾ ದಿನಗಳಲ್ಲಿ ಮುಂಗಡವಾಗಿ ಕಾಯ್ದಿರಿಸುವುದು ಒಳ್ಳೆಯದು. ಸೇಂಟ್ ಜಾರ್ಜ್ ಗೋಪುರಕ್ಕೆ 101 ಮೆಟ್ಟಿಲುಗಳಿವೆ. ಮಂಡಿ ನೋವಿರುವ ಹಿರಿಯರನ್ನು ಬಲವಂತವಾಗಿ ಹತ್ತಿಸಬೇಡಿ. ಗೋಪುರದ ಬಳಿಯ ನೆಲಮಾಳಿಗೆಯಲ್ಲಿರುವ ನಾರ್ಮನ್ ಕಾಲದ, ಅಂದರೆ ಕೋಟೆ ಕಟ್ಟಿದ ಕಾಲದ ಕಂಬಗಳನ್ನು ಮಾತ್ರ ಬಿಡಬೇಡಿ.

1071ರಲ್ಲಿ ರಾಬರ್ಟ್ ಡಾಯ್ಲಿ ಕಟ್ಟಿಸಿದ ಕೋಟೆ ಇದು. 1142ರ ಡಿಸೆಂಬರಿನಲ್ಲಿ, ಮುತ್ತಿಗೆಗೆ ಸಿಲುಕಿದ್ದ, ಇಂಗ್ಲೆಂಡಿನ ಸಿಂಹಾಸನಕ್ಕೆ ಹೋರಾಡುತ್ತಿದ್ದ ರಾಜಪುತ್ರಿ ಮಟಿಲ್ಡಾ ಬಿಳಿ ಬಟ್ಟೆ ಹೊದ್ದು ಹಿಮದಲ್ಲಿ ಮರೆಯಾಗಿ ಪಾರಾದದ್ದು ಇಲ್ಲಿಂದಲೇ ಎಂಬ ಕಥೆಯನ್ನು ಮಾರ್ಗದರ್ಶಿಗಳು ಉತ್ಸಾಹದಿಂದ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆನ್ ಗ್ರೀನ್ ಎಂಬ ಮನೆಗೆಲಸದಾಕೆಯ ಕಥೆ. ಹಸುಗೂಸನ್ನು ಕೊಂದಳೆಂಬ ಆರೋಪದ ಮೇಲೆ 1650ರಲ್ಲಿ ಅವಳನ್ನು ಇಲ್ಲಿ ಗಲ್ಲಿಗೇರಿಸಿದರು. ಬೇಗ ಪ್ರಾಣ ಹೋಗಲೆಂದು ಬಂಧುಗಳೇ ಕಾಲು ಹಿಡಿದು ಜಗ್ಗಿದರಂತೆ. ಶವಚ್ಛೇದನದ ಪಾಠಕ್ಕೆಂದು ಶವವನ್ನು ವೈದ್ಯರ ಬಳಿಗೆ ಒಯ್ದರು. ಪೆಟ್ಟಿಗೆ ತೆರೆದರೆ ಉಸಿರಾಡುತ್ತಿದ್ದಾಳೆ! ವಿಲಿಯಂ ಪೆಟ್ಟಿ ಮತ್ತು ಥಾಮಸ್ ವಿಲ್ಲಿಸ್ ಕತ್ತಿ ಕೆಳಗಿಟ್ಟು ಶುಶ್ರೂಷೆಗೆ ಇಳಿದರು. ಅವಳಿಗೆ ಕ್ಷಮಾದಾನ ಸಿಕ್ಕಿತು, ಮುಂದೆ ಮದುವೆಯಾಗಿ ಮಕ್ಕಳನ್ನೂ ಹೆತ್ತಳು.

1785ರ ನಂತರ ಇಲ್ಲಿ ಹೊಸದಾಗಿ ಜೈಲು ಕಟ್ಟಿದರು. ಬಡಗಿಯಾಗಿದ್ದ ಡೇನಿಯಲ್ ಹ್ಯಾರಿಸ್ ಜೈಲಿನ ಮೇಲ್ವಿಚಾರಕನಾಗಿ ಕೈದಿಗಳಿಂದ ಹೊರಗಿನ ಕೆಲಸಗಳನ್ನೂ ಮಾಡಿಸಿದ. ಹೈತ್ ಬ್ರಿಜ್‌ನಿಂದ ಕಾಲುವೆಯ ದಂಡೆಯಲ್ಲೇ ಉತ್ತರಕ್ಕೆ ನಡೆದರೆ ಸಿಗುವ, ದೋಣಿಗಳನ್ನು ಏರಿಸಿ ಇಳಿಸುವ ಐಸಿಸ್ ಲಾಕ್ ಎಂಬ ನೀರುಬಾಗಿಲು ಆ ಕೈದಿಗಳ ಬೆವರಿನದು. ಟಿಕೆಟ್ ಇಲ್ಲ, ಜನಜಂಗುಳಿ ಇಲ್ಲ; ಇಷ್ಟವಾದ ನಡಿಗೆ. ಜೈಲಿನ ಕಥೆಗೆ ಮರಳಿದರೆ, 1870ರಲ್ಲಿ ಮಕ್ಕಳ ತಳ್ಳುಗಾಡಿ ಕದ್ದ ತಪ್ಪಿಗೆ ಏಳು ವರ್ಷದ ಬಾಲಕಿಯೊಬ್ಬಳಿಗೆ ಏಳು ದಿನಗಳ ಕಠಿಣ ಶಿಕ್ಷೆಯಾಗಿತ್ತು. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಮುಂಚೆಯೇ ಯೋಚಿಸಿ, ಮಾರ್ಗದರ್ಶಿಗಳು ಇಂಥ ಕಥೆಗಳನ್ನು ತೇಲಿಸಿ ಹೇಳುವುದಿಲ್ಲ.

1878ರಲ್ಲಿ ಕೌಂಟಿ ಜೈಲುಗಳೆಲ್ಲ ಸರ್ಕಾರದ ಕೈ ಸೇರಿದವು. ಇದು ಕೊನೆಗೆ ಮುಚ್ಚಿದ್ದು 1996ರಲ್ಲಿ. ಈಗ ಮುಖ್ಯ ಕಟ್ಟಡ ಮಾಲ್‌ಮೇಸನ್ ಹೋಟೆಲು. ಉದ್ದನೆಯ ಪಡಸಾಲೆ, ಕಬ್ಬಿಣದ ಮೆಟ್ಟಿಲು, ಕೋಣೆಗಳ ಭಾರದ ಬಾಗಿಲುಗಳು ಹಾಗೆಯೇ ಇವೆ. ಕೆಲವು ಕೈದಿಕೋಣೆಗಳ ಗೋಡೆ ಒಡೆದು ಒಂದೊಂದು ವಸತಿ ಕೊಠಡಿ ಮಾಡಿದ್ದಾರೆ. ಒಂದು ಕಾಫಿ ಕುಡಿಯುವ ನೆಪದಲ್ಲಿ ಹೋಗಿ ನೋಡಿ ಬರಬಹುದು. ಅಲ್ಲಿ ರಾತ್ರಿ ಕಳೆಯಲು ಹಣ ತೆರುವ ಉತ್ಸಾಹ ನನಗಂತೂ ಇಲ್ಲ. ದೆವ್ವದ ಹೆಸರಿನ ರಾತ್ರಿ ಕಾರ್ಯಕ್ರಮಗಳೂ ಅಷ್ಟೇ: ಇಲ್ಲಿ ನಿಜವಾಗಿ ನಡೆದದ್ದೇ ಸಾಕಷ್ಟಿದೆ, ಹೆದರಿಸಲು ಯಾರೂ ಮರೆಯಿಂದ ಜಿಗಿಯಬೇಕಿಲ್ಲ.

ಹಾಗಾದರೆ ಈಗಿನ ಕೈದಿಗಳು ಎಲ್ಲಿ? ಬಿಸ್ಟರ್ ಊರಿನಾಚೆ, ಆರ್ನ್‌ಕಾಟ್ ಹಳ್ಳಿಯ ಬಳಿ 1992ರಲ್ಲಿ ತೆರೆದ ಬುಲಿಂಗ್‌ಡನ್ ಜೈಲಿನಲ್ಲಿ. ಸಾವಿರಕ್ಕೂ ಹೆಚ್ಚು ಮಂದಿಯನ್ನಿಡುವ ಈ ಜೈಲಿಗೆ ಆಕ್ಸ್‌ಫರ್ಡ್‌ಶೈರ್‌ನ ನ್ಯಾಯಾಲಯಗಳಿಂದಲೂ ಕೈದಿಗಳು ಬರುತ್ತಾರೆ. ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಸುಮ್ಮನೆ ಟ್ಯಾಕ್ಸಿ ಮಾಡಿಕೊಂಡು ಹೋಗಬೇಡಿ. ಹಳೆಯದು ಪೇಟೆಯ ನಡುವೆ ಎಲ್ಲರ ಕಣ್ಣೆದುರಿಗಿತ್ತು, ಗಲ್ಲು ಕೂಡ. ಹೊಸದನ್ನು ಬಯಲಿಗೆ ಒಯ್ದು ಇಟ್ಟಿದ್ದಾರೆ.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ನೇರ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮ್ಯಾರಿಲೆಬೋನ್‌ನಿಂದ ಹೊರಟರೆ ಬಿಸ್ಟರ್ ವಿಲೇಜ್ ಎಂಬ ದೊಡ್ಡ ಅಂಗಡಿ ಸಂಕೀರ್ಣದ ನಿಲ್ದಾಣದ ಮೂಲಕ ಹೋಗುತ್ತೀರಿ. ಕೈಯಲ್ಲಿ ದೊಡ್ಡ ದೊಡ್ಡ ಚೀಲ ಹಿಡಿದ ಖರೀದಿದಾರರು ಅಲ್ಲಿ ಹತ್ತಿ ಇಳಿಯುತ್ತಿರುತ್ತಾರೆ. ನಿಮ್ಮ ಜೊತೆಗಿರುವವರಿಗೆ ಜೈಲಿಗಿಂತ ಅಂಗಡಿಗಳೇ ಇಷ್ಟವಾದರೆ ಅವರನ್ನು ಅಲ್ಲೇ ಇಳಿಸಿ ಮುಂದೆ ಹೋಗಿ, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವಾಗ ಕೂಡಿಕೊಳ್ಳಿ.