57 ಕೋಟಿ ವರ್ಷದ ಸುಣ್ಣಕಲ್ಲಿನ ಇಂಗಾಲವನ್ನು ನಂಬುವುದು ಹೇಗೆ?

ಸಮುದ್ರದ ಹಳೆಯ ಸುಣ್ಣಕಲ್ಲುಗಳಿಂದ ಭೂಮಿಯ ಚರಿತ್ರೆ ಓದಬಹುದು ಎಂದಾಗಲೆಲ್ಲ ಬರುವ ಪ್ರಶ್ನೆ ಇದು: "ಅಷ್ಟು ಕಾಲ ನೆಲದಡಿ ಬೆಂದು, ಮಳೆನೀರಲ್ಲಿ ನೆಂದು ಬಂದ ಕಲ್ಲು. ಅದರೊಳಗಿನ ಇಂಗಾಲ ಆವತ್ತಿನ ಸಮುದ್ರದ್ದೇ ಎಂದು ಹೇಗೆ ನಂಬುತ್ತೀರಿ?" ಕೇಳಲೇಬೇಕಾದ ಪ್ರಶ್ನೆ.

ಮೊದಲು ಒಂದು ಗೊಂದಲ ಕಳೆಯೋಣ. ಇದು ಕಾರ್ಬನ್ ಡೇಟಿಂಗ್ ಅಲ್ಲ. ಅಲ್ಲಿ ಬಳಸುವ ಕಾರ್ಬನ್-14 ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತ, 50,000 ವರ್ಷದ ಹೊತ್ತಿಗೆ ಅಳತೆಗೇ ಸಿಗದಂತಾಗುತ್ತದೆ. ಇಲ್ಲಿ ಅಳೆಯುವುದು ಎಂದೂ ಕ್ಷಯಿಸದ ಎರಡನ್ನು: ನೂರಕ್ಕೆ ಸುಮಾರು 99 ಪಾಲು ಇರುವ ಹಗುರ ಕಾರ್ಬನ್-12, ಉಳಿದ ಒಂದು ಪಾಲಿನ ಭಾರದ ಕಾರ್ಬನ್-13. ದ್ಯುತಿಸಂಶ್ಲೇಷಣೆ ಹಗುರವಾದದ್ದನ್ನೇ ಹೆಚ್ಚು ಹೀರುತ್ತದೆ. ಹಾಗಾಗಿ ಪಾಚಿಯ ದೇಹದಲ್ಲಿ ಕಾರ್ಬನ್-13ರ ಪಾಲು ಸುಣ್ಣಕಲ್ಲಿನಲ್ಲಿರುವುದಕ್ಕಿಂತ ಸಾವಿರಕ್ಕೆ ಸುಮಾರು 25ರಷ್ಟು ಕಡಿಮೆ. ಸತ್ತ ಪಾಚಿ ಕೊಳೆಯದೆ ಕೆಸರಲ್ಲಿ ಹೂತುಹೋದಷ್ಟೂ ನೀರಿನಲ್ಲಿ ಕಾರ್ಬನ್-13ರ ಪಾಲು ಏರುತ್ತದೆ. ಆಗ ಕಟ್ಟಿದ ಸುಣ್ಣಕಲ್ಲಿನಲ್ಲಿ ಆ ಏರಿಕೆ ದಾಖಲಾಗುತ್ತದೆ. ಎಲ್ಲರೂ ಒಪ್ಪಿದ ಒಂದು ಮಾದರಿಗಿಂತ ಕಾರ್ಬನ್-13ರ ಪಾಲು ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದೇ ಇಲ್ಲಿನ ಮಾಪಕ, ಕಡಿಮೆಯಿದ್ದರೆ ಮೈನಸ್. ಈಗಿನ ಸಮುದ್ರದ ಸುಣ್ಣ ಈ ಮಾಪಕದಲ್ಲಿ ಹೆಚ್ಚುಕಡಿಮೆ ಸೊನ್ನೆಯ ಆಸುಪಾಸು.

ಇನ್ನು ನಂಬಿಕೆಯ ವಿಷಯ. ಇದರ ಬೇರು ಒಂದು ಸರಳ ಲೆಕ್ಕದಲ್ಲಿದೆ. ಒಂದು ಕಿಲೋ ಶುದ್ಧ ಸುಣ್ಣಕಲ್ಲಿನಲ್ಲಿ 120 ಗ್ರಾಂ ಇಂಗಾಲ, 480 ಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ ಆಮ್ಲಜನಕವೇ 890 ಗ್ರಾಂ. ಕರಗಿದ ಇಂಗಾಲ ಮಾತ್ರ, ಅಂತರ್ಜಲದಲ್ಲಿ 40 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಕಲ್ಲಿನಲ್ಲಿರುವಷ್ಟೇ ಆಮ್ಲಜನಕವನ್ನು ಹೊತ್ತು ತರಲು ಅರ್ಧ ಲೀಟರ್‌ಗಿಂತ ಸ್ವಲ್ಪ ಹೆಚ್ಚು ನೀರು ಸಾಕು. ಅಷ್ಟೇ ಇಂಗಾಲ ತರಲು 3,000 ಲೀಟರ್ ಬೇಕು! ಕಲ್ಲಿನ ಮೂಲಕ ಹರಿದ ನೀರು ಮೊದಲು ಆಮ್ಲಜನಕವನ್ನು ಕೆಡಿಸುತ್ತದೆ, ಇಂಗಾಲ ಬಹಳ ಹೊತ್ತು ತಡೆದುಕೊಳ್ಳುತ್ತದೆ. ಆದ್ದರಿಂದಲೇ ಎರಡನ್ನೂ ಒಟ್ಟಿಗೆ ಅಳೆಯುವುದು. ಆಮ್ಲಜನಕದಲ್ಲೂ ಹೀಗೆಯೇ ಭಾರದ ಆಮ್ಲಜನಕ-18ರ ಪಾಲನ್ನು ಸಾವಿರದ ಲೆಕ್ಕದಲ್ಲಿ ನೋಡುತ್ತಾರೆ. ಆಮ್ಲಜನಕದ ಮೌಲ್ಯ −10ಕ್ಕಿಂತ ಕೆಳಗಿಳಿದಿದ್ದರೆ ಆ ಮಾದರಿಯ ಮೇಲೆ ಅನುಮಾನ ಪಡಬೇಕು.

ಆದರೆ ಈ ಲೆಕ್ಕವನ್ನೇ ನಂಬಿ ಕೂರುವಂತಿಲ್ಲ. ಹಿಂದೊಮ್ಮೆ ಸಮುದ್ರ ಹಿಂದೆ ಸರಿದು ಸುಣ್ಣದ ಪದರ ಬಯಲಿಗೆ ಬಿದ್ದಿದ್ದರೆ, ಮೇಲೆ ಬೆಳೆದ ಮಣ್ಣಿನಿಂದ ಹಗುರ ಇಂಗಾಲ ಒಳಗಿಳಿದಿರುತ್ತದೆ. ಕೆಸರಿನಲ್ಲಿ ಮೀಥೇನ್ ಉತ್ಕರ್ಷಣಗೊಂಡ ಕಡೆ ಕಟ್ಟುವ ಸುಣ್ಣ −40ಕ್ಕೂ ಇಳಿಯಬಲ್ಲದು. ಅಂಥ ಪದರಗಳನ್ನು ಬಂಡೆಯ ಮುಂದೆ ನಿಂತಾಗಲೇ ಗುರುತಿಸಬೇಕು. ಪ್ರಯೋಗಾಲಯಕ್ಕೆ ಬಂದ ಮೇಲೆ ಬಿಳಿ ಪುಡಿ ಏನನ್ನೂ ಹೇಳುವುದಿಲ್ಲ.

ಹಾಗಾಗಿ ಕೆಳಗಿನ ಪದರದಿಂದ ಮೇಲಕ್ಕೆ ಮೀಟರ್ ಲೆಕ್ಕ ಹಿಡಿದು ಕಲ್ಲು ತೆಗೆಯುತ್ತಾರೆ. ವಜ್ರದ ಗರಗಸದಲ್ಲಿ ಸೀಳಿ, ಹೊಸ ಮುಖದಲ್ಲಿ ಬಿಳಿ ನರಗಳನ್ನೂ ಬಿರುಕುಗಳನ್ನೂ ಬಿಟ್ಟು, ಸಣ್ಣ ಕಣದ ಜಾಗದಲ್ಲಿ ಮಾತ್ರ ಸುಮಾರು 1 ಮಿಲಿಮೀಟರ್ ಡ್ರಿಲ್‌ನಿಂದ ಕೊರೆಯುತ್ತಾರೆ. ಬೇಕಾದದ್ದು 100ರಿಂದ 300 ಮೈಕ್ರೊಗ್ರಾಂ ಪುಡಿ. ಡ್ರಿಲ್ ನಿಧಾನವಾಗಿ ತಿರುಗಬೇಕು, ಬಿಸಿಯಾದರೆ ಪುಡಿ ಕೆಡುತ್ತದೆ. ಪುಡಿಯನ್ನು ಮುಚ್ಚಿದ ಗಾಜಿನ ಸೀಸೆಗೆ ಹಾಕಿ, ಗಾಳಿಯನ್ನು ಹೀಲಿಯಂನಿಂದ ಹೊರಗೆ ತಳ್ಳಿ, ನೀರಿಲ್ಲದ ಫಾಸ್ಫಾರಿಕ್ ಆಮ್ಲದ ಕೆಲವು ಹನಿ ಬಿಟ್ಟು ಸುಮಾರು 70 ಡಿಗ್ರಿಯಲ್ಲಿ ಇಡುತ್ತಾರೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಹಾಸಿದ ಮನೆಗಳಲ್ಲಿ ನಿಂಬೆಹುಳಿ ಬಿದ್ದರೆ ನೆಲ ಮಂಕಾಗುವುದು ಗೊತ್ತಿರುತ್ತದೆ. ಅದೂ ಸುಣ್ಣಕಲ್ಲೇ, ನಡೆಯುವುದು ಇದೇ ಕ್ರಿಯೆ. ಹೊರಬಂದ ಇಂಗಾಲದ ಡೈಆಕ್ಸೈಡನ್ನು ಮಾಸ್ ಸ್ಪೆಕ್ಟ್ರೋಮೀಟರ್ 44, 45, 46 ಎಂಬ ತೂಕಗಳಾಗಿ ಬೇರ್ಪಡಿಸಿ ಅಳೆಯುತ್ತದೆ.

ತಪ್ಪು ನುಸುಳುವುದು ಇಲ್ಲೇ. ಆಮ್ಲದಲ್ಲಿ ನೀರಿನಂಶವಿದ್ದರೆ ಆಮ್ಲಜನಕದ ಮೌಲ್ಯ ಜಾರುತ್ತದೆ. ಮೆಗ್ನೀಸಿಯಂ ಬೆರೆತ ಖನಿಜ ಡಾಲೊಮೈಟ್ ನಿಧಾನವಾಗಿ ಕರಗುವುದರಿಂದ, ಸಾಮಾನ್ಯ ಸುಣ್ಣಕಲ್ಲಿನ ಖನಿಜವಾದ ಕ್ಯಾಲ್ಸೈಟ್‌ಗೆ ಕೊಟ್ಟಷ್ಟೇ ಸಮಯ ಸಾಲದು. ಮಾದರಿಗಳ ನಡುನಡುವೆ ಮೌಲ್ಯ ಗೊತ್ತಿರುವ ಪುಡಿಗಳನ್ನು ಓಡಿಸದಿದ್ದರೆ ಯಂತ್ರ ಮೆಲ್ಲಗೆ ದಾರಿ ತಪ್ಪಿದ್ದು ತಿಳಿಯುವುದಿಲ್ಲ. ಎಲ್ಲ ಸರಿಯಿದ್ದರೆ ಇಂಗಾಲದಲ್ಲಿ ದೋಷ ಸಾವಿರಕ್ಕೆ 0.1ರ ಆಸುಪಾಸು. ಅದೇ ಕಲ್ಲಿನ ಮ್ಯಾಂಗನೀಸ್ ಮತ್ತು ಸ್ಟ್ರಾನ್ಷಿಯಂ ಅಳತೆಯೂ ಬೇಕು: ನೆಲದಡಿಯ ನೀರು ಮೊದಲನೆಯದನ್ನು ತುಂಬಿ ಎರಡನೆಯದನ್ನು ತೊಳೆಯುತ್ತದೆ. ಅನುಪಾತ 10 ದಾಟಿದರೆ ಸಾಮಾನ್ಯವಾಗಿ ಕೈಬಿಡುತ್ತಾರೆ. ಹಲವರು ಇದಕ್ಕಿಂತ ಬಿಗಿಯಾದ ಮಿತಿ ಇಡುತ್ತಾರೆ, ಅದೇ ಸರಿ.

ಈ ಎಲ್ಲ ಪರೀಕ್ಷೆಗಳಿಗೂ ಸವಾಲೆಸೆದದ್ದು ಓಮನ್‌ನ ಶುರಾಮ್ ಪದರಗಳು. ಸುಮಾರು 57 ಕೋಟಿ ವರ್ಷದ ಹಿಂದಿನ ಈ ಸುಣ್ಣದಲ್ಲಿ ಇಂಗಾಲದ ಮೌಲ್ಯ −12ರವರೆಗೆ ಕುಸಿಯುತ್ತದೆ. ಭೂಗರ್ಭದಿಂದ ಜ್ವಾಲಾಮುಖಿಗಳ ಮೂಲಕ ಬರುವ ಇಂಗಾಲವೇ −5ರ ಆಸುಪಾಸು ಇರುವಾಗ ಇಡೀ ಸಮುದ್ರ ಅದಕ್ಕಿಂತ ಅಷ್ಟು ಕೆಳಗೆ ಹೋಗುವುದು ಹೇಗೆ? ಜೊತೆಗೆ ಇಂಗಾಲ, ಆಮ್ಲಜನಕ ಎರಡೂ ಒಟ್ಟಿಗೆ ಇಳಿಯುತ್ತವೆ. ಇದು ಕೆಟ್ಟ ಕಲ್ಲಿನ ಲಕ್ಷಣ ಎಂದು ಕೆಲವರು ವಾದಿಸಿದರು.

ಇದೇ ಕುಸಿತ ಆಸ್ಟ್ರೇಲಿಯಾ, ಚೀನಾ, ಅಮೆರಿಕದಲ್ಲೂ ಇದೆಯಲ್ಲ ಎನ್ನಬಹುದು. ಅಷ್ಟರಿಂದಲೇ ತೀರ್ಮಾನಿಸಲಾಗದು. ಸಮುದ್ರಮಟ್ಟ ಬದಲಾದಾಗ ಬಹಾಮಾದಂಥ ಆಳವಿಲ್ಲದ ದಿಬ್ಬಗಳಿಂದ ಸಾಗಿಬರುವ, ಬೇರೆಯೇ ಮೌಲ್ಯವಿರುವ ಸುಣ್ಣದ ಕೆಸರಿನ ಪಾಲೂ ಬದಲಾಗಿ, ದೂರದೂರದ ಕಡಲುಗಳಲ್ಲಿ ಒಂದೇ ಕಾಲಕ್ಕೆ ಒಂದೇ ಥರದ ಏರಿಳಿತ ಕಾಣಿಸಬಲ್ಲದು. ನನ್ನ ಮಟ್ಟಿಗೆ ಹೆಚ್ಚು ತೂಕದ ಸಾಕ್ಷ್ಯ ದಕ್ಷಿಣ ಆಸ್ಟ್ರೇಲಿಯಾದ ವೊನೊಕಾ ಪದರಗಳದ್ದು. ಅಲ್ಲಿ ಆ ಕಾಲದ ಸುಣ್ಣಕಲ್ಲು ಒಡೆದು, ಚೂರುಗಳು ಕಂದಕಗಳಿಗೆ ಜಾರಿ ಮತ್ತೆ ಕಲ್ಲಾಗಿವೆ. ಕುಸಿತ ಆಮೇಲೆ ನೆಲದಡಿಯ ನೀರಿನಿಂದ ಆಗಿದ್ದರೆ ಅಕ್ಕಪಕ್ಕದ ಚೂರುಗಳೆಲ್ಲ ಒಂದೇ ಮೌಲ್ಯದತ್ತ ವಾಲಿರಬೇಕಿತ್ತು. ಅಳೆದಾಗ ಒಂದೊಂದು ಚೂರಿನದು ಒಂದೊಂದು ಮೌಲ್ಯ. ಅಂದರೆ ಒಡೆಯುವ ಮೊದಲೇ ಅವು ಆ ಮೌಲ್ಯ ಪಡೆದಿದ್ದವು, ಕೋಟ್ಯಂತರ ವರ್ಷ ಆಮೇಲೆ ಅಲ್ಲ.

ಹಾಗೆಂದು ಶುರಾಮ್ ಬಗೆಹರಿದಿಲ್ಲ. ಸಮುದ್ರವೇ ಬದಲಾಗಿದ್ದರೆ ಆ ನೀರಲ್ಲಿ ಬದುಕಿದ ಜೀವಿಗಳ ಇಂಗಾಲವೂ ಜೊತೆಜೊತೆಗೆ ಇಳಿಯಬೇಕು. ಆದರೆ ಹಲವು ಕಡೆ ಆ ಪದರಗಳ ಸಾವಯವ ಇಂಗಾಲ ಸುಣ್ಣದ ಜೊತೆ ಇಳಿದಿಲ್ಲ.