ಹಳೇ ಲಿವರ್ ರೈಫಲ್‌ನಲ್ಲಿ ಗುರಿ ಕೂರಲ್ಲ ಅನ್ನುವವರಿಗೆ

ರೇಂಜ್‌ನಲ್ಲಿ ನನ್ನ ಮಾರ್ಲಿನ್ 336 (ಟ್ರಿಗರ್ ಕೆಳಗಿನ ಲಿವರ್ ಎಳೆದು ತೋಟೆ ತುಂಬುವ ರೈಫಲ್) ಹೊರಗೆ ತೆಗೆದರೆ ಸಾಕು, ಪಕ್ಕದ ಮೇಜಿನಿಂದ ಈ ಮಾತು ಬಂದೇ ಬರುತ್ತದೆ: "ನೋಡಕ್ಕೆ ಚೆನ್ನಾಗಿದೆ, ಆದ್ರೆ ಗುರಿ ಕೂರಲ್ಲ ಅಲ್ವಾ?" ಹೇಳುವವರ ಮುಂದೆ ಪಕ್ಕದ ಹಿಡಿ ಎಳೆದು ತೋಟೆ ತುಂಬುವ ಹೊಸ ಬೋಲ್ಟ್ ರೈಫಲ್ ಇರುತ್ತದೆ, ಅದರ ಮೇಲೆ ಮೊಳದುದ್ದದ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು. 100 ಗಜಕ್ಕೆ ಮೂರು ಗುಂಡನ್ನು 1 ಇಂಚಿನೊಳಗೆ ಕೂರಿಸುವುದು ಅಂಥ ರೈಫಲ್‌ಗೆ ಈಗ ದೊಡ್ಡ ವಿಷಯವೇ ಅಲ್ಲ. ನನ್ನದರಲ್ಲಿ ಎರಡು, ಎರಡೂವರೆ ಇಂಚು. ಕೈ ಹದವಾಗಿಲ್ಲದ ದಿನ ನಾಲ್ಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹರಡುವಿಕೆಯನ್ನೆಲ್ಲ ಪಾಪ ನಳಿಗೆಯ ತಲೆಗೆ ಕಟ್ಟುವುದು ಯಾಕೆ ಅನ್ನುವುದು ನನ್ನ ತಕರಾರು.

ಮೊದಲು ಸೈಟ್, ಅಂದರೆ ನಳಿಗೆಯ ಮೇಲೆ ಗುರಿ ಹಿಡಿಯಲು ಇರುವ ಗುರುತು ನೋಡಿ. ಈ ಹಳೇ ರೈಫಲ್‌ಗಳ ಮುಂದಿನ ಸೈಟ್‌ನಲ್ಲಿ ಒಂದು ಪುಟ್ಟ ಮಣಿ ಇರುತ್ತದೆ. ಅಗಲ ಸಾಮಾನ್ಯವಾಗಿ ಇಂಚಿನ ಹದಿನಾರನೇ ಒಂದು ಭಾಗ. 20 ಇಂಚಿನ ನಳಿಗೆಯಾದರೆ ಕಣ್ಣಿನಿಂದ ಆ ಮಣಿಗೆ ಸುಮಾರು 32 ಇಂಚು ದೂರ. ಲೆಕ್ಕ ಹಾಕಿದರೆ 100 ಗಜದಲ್ಲಿ ಅದು ಹತ್ತಿರ ಹತ್ತಿರ 7 ಇಂಚು ಜಾಗವನ್ನು ಮುಚ್ಚಿಬಿಡುತ್ತದೆ! 7 ಇಂಚು ಮರೆ ಮಾಡುವ ಮಣಿ ಇಟ್ಟುಕೊಂಡು ಎರಡೂವರೆ ಇಂಚಿನಲ್ಲಿ ಗುಂಡು ಕೂರಿಸಿದರೆ ರೈಫಲ್‌ಗೆ ಶಹಬ್ಬಾಸ್ ಅನ್ನಬೇಕು.

ಎರಡು ಸೈಟ್‌ಗಳ ನಡುವಿನ ಅಂತರವೂ ಕಮ್ಮಿ. ನಳಿಗೆಯ ಮೇಲೆ ಕೂತ ಹಿಂದಿನ ಸೈಟ್‌ನಿಂದ ಮಣಿಗೆ 16 ಇಂಚು ಅಂದುಕೊಳ್ಳಿ. ಮಣಿಯನ್ನು ಇಂಚಿನ ನೂರನೇ ಒಂದು ಭಾಗ ಆಚೀಚೆ ಹಿಡಿದರೂ 100 ಗಜದಲ್ಲಿ ಗುಂಡು ಎರಡೂಕಾಲು ಇಂಚು ಪಕ್ಕಕ್ಕೆ ಹೋಗುತ್ತದೆ. ಹಿಂದಿನ ಸೈಟ್ ತೆಗೆದು ರಿಸೀವರ್ (ನಳಿಗೆಯ ಹಿಂದಿನ, ಯಂತ್ರಭಾಗ ಇರುವ ಲೋಹದ ಪೆಟ್ಟಿಗೆ) ಮೇಲೆ ಸಣ್ಣ ತೂತಿನ ಪೀಪ್ ಸೈಟ್ ಹಾಕಿದರೆ ಅಂತರ 24 ಇಂಚಿನ ಹತ್ತಿರಕ್ಕೆ ಬರುತ್ತದೆ. ಆಗ ಅದೇ ತಪ್ಪಿಗೆ ಒಂದೂವರೆ ಇಂಚು ಅಷ್ಟೇ. ನಾನು ಮಾಡಿದ್ದೂ ಅದನ್ನೇ. ನಳಿಗೆ ಅದೇ, ತೋಟೆ ಅದೇ, ಗುಂಡುಗಳು ಬೀಳುವ ಗುಂಪು ಮಾತ್ರ ಕಣ್ಣಿಗೆ ಕಾಣುವಷ್ಟು ಚಿಕ್ಕದಾಯಿತು. ವಯಸ್ಸಾದ ಕಣ್ಣಿಗಂತೂ ಪೀಪ್ ಸೈಟ್ ದೊಡ್ಡ ಉಪಕಾರ.

ಹಾಗಂತ ರೈಫಲ್‌ನ ಕಡೆ ಏನೂ ತೊಡಕಿಲ್ಲ ಅಂತಲ್ಲ. ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಲಿವರ್ ರೈಫಲ್ ವಿಂಚೆಸ್ಟರ್ 1894 ತಗೊಳ್ಳಿ. ನಳಿಗೆಯ ಕೆಳಗೆ ತೋಟೆ ತುಂಬುವ ಕೊಳವೆ, ಎರಡನ್ನೂ ಸೇರಿಸಿ ಬಿಗಿದ ಲೋಹದ ಪಟ್ಟಿ, ನಳಿಗೆಗೆ ಒತ್ತಿಕೊಂಡ ಮುಂದಿನ ಮರ. ನಾಲ್ಕೈದು ಗುಂಡು ಬೇಗಬೇಗ ಹೊಡೆದರೆ ನಳಿಗೆ ಕಾದು ಹಿಗ್ಗುತ್ತದೆ. ಕೊಳವೆ ಅಷ್ಟು ಕಾಯುವುದಿಲ್ಲ. ಎರಡೂ ಒಂದನ್ನೊಂದು ಎಳೆದಾಡಿ ಗುಂಡುಗಳು ಕಾಗದದ ಮೇಲೆ ಉದ್ದಕ್ಕೆ ಸಾಲುಗಟ್ಟುತ್ತವೆ. ಕೊಳವೆಯಲ್ಲಿ ಆರು ತೋಟೆ ಇದ್ದಾಗಿನ ತೂಕ ಬೇರೆ, ಒಂದು ಇದ್ದಾಗಿನ ತೂಕ ಬೇರೆ. ಇದರಿಂದಲೂ ಏಟು ಸ್ವಲ್ಪ ಸರಿಯಬಹುದು. ಅದಕ್ಕೇ ನಾನು ಐದು ಗುಂಡಿನ ಗುಂಪನ್ನು ಜಾಸ್ತಿ ನಂಬುವುದಿಲ್ಲ. ತಣ್ಣಗಿರುವ ನಳಿಗೆಯಿಂದ ಮೊದಲ ಗುಂಡು ಎಲ್ಲಿಗೆ ಹೋಗುತ್ತದೆ, ಮರುದಿನವೂ ಅಲ್ಲಿಗೇ ಹೋಗುತ್ತದಾ, ಇಷ್ಟೇ ನೋಡುವುದು. ಜಿಂಕೆ ಏನು ಐದು ಗುಂಡು ಮುಗಿಯುವ ತನಕ ನಿಂತುಕೊಳ್ಳುತ್ತದಾ?

ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸುವಾಗ ಮರದ ಭಾಗವನ್ನೇ ಒರಗಿಸಿ, ಅದೂ ರಿಸೀವರ್‌ಗೆ ಹತ್ತಿರವಾಗಿ. ನಳಿಗೆ ಅಥವಾ ಕೊಳವೆ ಚೀಲಕ್ಕೆ ತಾಗಿದರೆ ಏಟು ಬೇರೆ ಕಡೆಗೇ ಹೋಗುತ್ತದೆ.

ಹಳೇ ರೈಫಲ್ ಕೊಳ್ಳುವವರು ಮರದ ಹೊಳಪು ನೋಡಿ ಮರುಳಾಗುತ್ತಾರೆ. ನಾನು ಮೊದಲು ನೋಡುವುದು ನಳಿಗೆಯ ಬಾಯಿ. ವಿಂಚೆಸ್ಟರ್ 1894 ರೈಫಲ್‌ನಲ್ಲಿ ಹಿಂದಿನಿಂದ ಶುಚಿ ಮಾಡುವ ಕಡ್ಡಿ ತೂರಿಸಲು ದಾರಿಯಿಲ್ಲ, ಬಾಯಿಯಿಂದಲೇ ತೂರಿಸಬೇಕು. ಎಷ್ಟೋ ವರ್ಷ ಉಕ್ಕಿನ ಕಡ್ಡಿ ಒಂದೇ ಕಡೆ ಉಜ್ಜಿ ಉಜ್ಜಿ ಒಳಗಿನ ಸುರುಳಿಗೆರೆಗಳ ಅಂಚು ಸವೆದಿರುತ್ತದೆ. ಗುಂಡು ಹೊರಬೀಳುವ ಕೊನೇ ಕ್ಷಣದಲ್ಲಿ ಅದನ್ನು ಹಿಂದಿನಿಂದ ತಳ್ಳುವ ಮದ್ದಿನ ಅನಿಲ ಒಂದು ಕಡೆಯಿಂದ ಮೊದಲು ನುಗ್ಗಿದರೆ ಗುಂಡು ಓಲಾಡುತ್ತದೆ. ರೈಫಲ್ ಖಾಲಿ ಇದೆ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು, ಹತ್ತಿ ಸುತ್ತಿದ ಕಡ್ಡಿಯನ್ನು ಬಾಯಿಯ ಅಂಚಿನಲ್ಲಿ ಮೆಲ್ಲಗೆ ತಿರುಗಿಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ ಅಂತ ಅರ್ಥ. ಬೆಳಕು ಹಿಡಿದು ಸುರುಳಿಗೆರೆಗಳು ಸುತ್ತಲೂ ಒಂದೇ ಸಮ ಚೂಪಾಗಿವೆಯಾ ನೋಡಿ. ಸವೆದ ಬಾಯಿಯನ್ನು ಒಳ್ಳೆಯ ಕೆಲಸಗಾರ ಸರಿ ಮಾಡಿಕೊಡುತ್ತಾನೆ, ಹೆದರಬೇಕಿಲ್ಲ. ಮಾರ್ಲಿನ್ 336ರಲ್ಲಿ ಈ ತಲೆನೋವೇ ಇಲ್ಲ. ಲಿವರ್‌ನ ಒಂದು ಸ್ಕ್ರೂ ಬಿಚ್ಚಿದರೆ ಲಿವರ್, ಅದರ ಹಿಂದೆಯೇ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ತುಂಡು) ಹೊರಗೆ ಬರುತ್ತದೆ, ಕಡ್ಡಿ ಹಿಂದಿನಿಂದಲೇ ಹೋಗುತ್ತದೆ. ನಾನು ಮಾರ್ಲಿನ್ ಪಕ್ಷ ಸೇರಿದ್ದಕ್ಕೆ ಅರ್ಧ ಕಾರಣ ಆ ಒಂದು ಸ್ಕ್ರೂ. ಖಾಲಿ ತೋಟೆ ಮೇಲಿನಿಂದಲ್ಲ, ಪಕ್ಕದಿಂದ ಹಾರುತ್ತದೆ, ಹಾಗಾಗಿ ಸ್ಕೋಪ್ ಬೇಕೆಂದರೆ ನೇರ ಮೇಲೆಯೇ ಕೂರುತ್ತದೆ.

ತೋಟೆಯ ವಿಷಯ. ಕೊಳವೆಯಲ್ಲಿ ಒಂದು ತೋಟೆಯ ಮೂತಿ ಮುಂದಿನದರ ಪ್ರೈಮರ್‌ಗೆ, ಅಂದರೆ ಏಟು ಬಿದ್ದರೆ ಮದ್ದು ಹೊತ್ತಿಸುವ ಬುಡದ ಬಟ್ಟಲಿಗೆ, ತಾಗಿಕೊಂಡಿರುತ್ತದೆ. ಅಲ್ಲಿ ಚೂಪು ಮೂತಿಯ ಗುಂಡು ಇಟ್ಟರೆ ಅಪಾಯ, ಅದಕ್ಕೇ ಈ ರೈಫಲ್‌ಗಳ 30-30 ಅನ್ನುವ ತೋಟೆಯ ಗುಂಡುಗಳ ಮೂತಿ ಚಪ್ಪಟೆ. ಚಪ್ಪಟೆ ಮೂತಿ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. 100 ಗಜಕ್ಕೆ ಸರಿಹೊಂದಿಸಿದ ರೈಫಲ್‌ನ 170 ಗ್ರೇನ್ (ಸುಮಾರು 11 ಗ್ರಾಂ) ತೂಕದ ಗುಂಡು 200 ಗಜಕ್ಕೆ ಎಂಟೊಂಬತ್ತು ಇಂಚು ಕೆಳಗೆ ಬೀಳುತ್ತದೆ. ಇದನ್ನು ನೋಡಿಯೂ ಜನ "ಗುರಿ ಇಲ್ಲ" ಅನ್ನುತ್ತಾರೆ. ಗುಂಡು ಕೆಳಗೆ ಬೀಳುವುದೇ ಬೇರೆ, ಅಡ್ಡಾದಿಡ್ಡಿ ಹೋಗುವುದೇ ಬೇರೆ. ಎಷ್ಟು ಬೀಳುತ್ತದೆ ಅಂತ ಗೊತ್ತಿದ್ದರೆ ಮುಗಿಯಿತು. ಈಗ ಕೊಳವೆಯಲ್ಲಿ ಇಡಲೆಂದೇ ಮಾಡಿದ, ರಬ್ಬರಿನಂಥ ಮೆತ್ತನೆಯ ತುದಿಯ ಚೂಪು ಗುಂಡುಗಳೂ ಸಿಗುತ್ತವೆ. ನನ್ನ ರೈಫಲ್‌ಗೆ ಅವು ಅಷ್ಟಾಗಿ ಹಿಡಿಸಲಿಲ್ಲ, ಹಳೇ ಚಪ್ಪಟೆ ಮೂತಿಯದೇ ಇಷ್ಟ. ಒಂದೊಂದು ನಳಿಗೆಯ ರುಚಿ ಒಂದೊಂದು. ಮೂರ್ನಾಲ್ಕು ಬಗೆ ಹೊಡೆದು ನೋಡದೆ ತೀರ್ಪು ಕೊಡಬೇಡಿ.

ಇನ್ನು ಲಿವರ್ ಅನ್ನುವುದೇ ದೋಷ ಅನ್ನುವವರಿಗೆ ನಾನು ತೋರಿಸುವುದು ಸ್ಯಾವೇಜ್ 99 ಅನ್ನುವ ಲಿವರ್ ರೈಫಲ್. 1899ರ ಕಾಲದ್ದು. ಇದಕ್ಕೆ ಕೊಳವೆಯೇ ಇಲ್ಲ, ಒಳಗೆ ಸುತ್ತುವ ಮ್ಯಾಗಜೀನ್ ಇದೆ, ಚೂಪು ಗುಂಡನ್ನು ಆರಾಮಾಗಿ ಹಾಕಬಹುದು. 1915ರಲ್ಲೇ ಇದಕ್ಕೆ ಸೆಕೆಂಡಿಗೆ 3000 ಅಡಿ ವೇಗದ 250-3000 ತೋಟೆ ಬಂತು. ಗೆಳೆಯರೊಬ್ಬರ 99ಕ್ಕೆ ಹಳೇ ಸ್ಕೋಪ್ ಇದೆ. ಒಂದೂವರೆ ಇಂಚಿಗಿಂತ ಜಾಸ್ತಿ ಹರಡಿದರೆ ಅವರು ಬೈಯುವುದು ಗಾಳಿಯನ್ನು, ರೈಫಲ್ಲನ್ನಲ್ಲ. ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು 8 ಇಂಚು. ನನ್ನ ಎರಡೂವರೆ ಇಂಚಿನ ಮಾರ್ಲಿನ್‌ಗೇ ಅಲ್ಲಿ ಬೇಕಾದಷ್ಟು ಜಾಗ ಉಳಿಯುತ್ತದೆ. 150 ಗಜ ದಾಟಿದರೆ ಮಾತ್ರ ನಾನು ಟ್ರಿಗರ್ ಮುಟ್ಟುವುದಿಲ್ಲ.